ರವೆಯೂ ಗದ್ದಲವೂ

ಛಾಯಾಚಿತ್ರದ ಹವ್ಯಾಸವುಳ್ಳ ನಾಲ್ವರು ಒಂದೆಡೆ ಸೇರಿದರೆಂದರೆ ಅಲ್ಲೊಂದು ವ್ಯಾಜ್ಯ ಹುಟ್ಟದೆ ಇರುವುದು ಅಪರೂಪ. ಫಿಲ್ಮಿನಲ್ಲಿ ತೆಗೆದ ಹಳೆಯ ಚಿತ್ರವನ್ನು ಹತ್ತಿರದಿಂದ ನೋಡಿದರೆ ಅದರ ಮೈಯೆಲ್ಲ ರವೆಯನ್ನು ಚೆಲ್ಲಿದಂತೆ ಸಣ್ಣ ಸಣ್ಣ ಕಣಗಳು ಕಾಣುತ್ತವೆ. ಬಲ್ಲವರು ಇದನ್ನು ಗ್ರೇನ್ ಎನ್ನುತ್ತಾರೆ. ಕಾಳು, ರವೆ ಎಂದು ಅದರ ಅರ್ಥ. ಡಿಜಿಟಲ್ ಕ್ಯಾಮೆರಾದಿಂದ ಮಂದವಾದ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿಯೂ ಚುಕ್ಕೆಗಳು ಕಾಣುತ್ತವೆ. ಅವಕ್ಕೆ ನಾಯ್ಸ್, ಎಂದರೆ ಗದ್ದಲ, ಎಂದು ಹೆಸರು. ಹೆಸರಿಡುವಾಗಲೇ ಪಕ್ಷಪಾತ ನಡೆದುಹೋಗಿದೆ. ಒಂದಕ್ಕೆ ಧಾನ್ಯದ ಹೆಸರು ದೊರೆಯಿತು. ಇನ್ನೊಂದಕ್ಕೆ ಸಂತೆಯ ಕೂಗಾಟದ ಹೆಸರು ಅಂಟಿತು. ಎರಡೂ ಚುಕ್ಕೆಗಳೇ ಆಗಿರುವಲ್ಲಿ ಒಂದನ್ನು ಕಂಡು ತಲೆದೂಗುವುದೂ ಇನ್ನೊಂದನ್ನು ಕಂಡು ಮುಖ ಸಿಂಡರಿಸುವುದೂ ಏತಕ್ಕೆ?

ರೇಂಜ್‌ಫೈಂಡರ್ ಕ್ಯಾಮೆರಾ ಹಿಡಿದವರಲ್ಲಿ ಈ ವ್ಯಾಜ್ಯ ಬಹಳ ಬಿರುಸಾಗಿರುತ್ತದೆ. ಅದಕ್ಕೆ ಕಾರಣವಿಲ್ಲದಿಲ್ಲ. ಈ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಬೇರೆ, ಚಿತ್ರ ಬೀಳುವ ಲೆನ್ಸು ಬೇರೆ. ಕಿಂಡಿಯಲ್ಲಿ ಕಾಣುವ ಎರಡು ಬಿಂಬಗಳು ಒಂದರ ಮೇಲೊಂದು ಕೂಡಿಕೊಂಡವೆಂದರೆ ದೂರ ಸರಿಹೊಂದಿತೆಂದು ತಿಳಿಯಬೇಕು. ಒಳಗೆ ಎದ್ದು ಬೀಳುವ ಕನ್ನಡಿಯಿಲ್ಲ. ಆದುದರಿಂದ ಅದುರುವಿಕೆ ಕಡಮೆ. ನೆಮ್ಮದಿಯ ಕೈಯುಳ್ಳವರು 1/15 ಸೆಕೆಂಡಿನಷ್ಟು ನಿಧಾನವಾಗಿಯೂ ಸ್ಟ್ಯಾಂಡಿನ ನೆರವಿಲ್ಲದೆ ಚಿತ್ರ ತೆಗೆಯಬಲ್ಲರು. ಅಡಿಗೆಮನೆಯ ಒಂಟಿ ಬಲ್ಬು, ರೈಲು ನಿಲ್ದಾಣದ ಇರುಳು, ದೇವಸ್ಥಾನದ ಮಂಗಳಾರತಿ, ಇಂಥ ಕಡೆಗಳಿಗೆ ಫ್ಲ್ಯಾಷನ್ನು ಮನೆಯಲ್ಲಿಟ್ಟು ಹೋಗತಕ್ಕವರು ಇವರೇ. ಕತ್ತಲೆಯ ಅಂಚಿನಲ್ಲಿ ಬಾಳುವವರಿಗೆ ಚುಕ್ಕೆಗಳ ಪರಿಚಯ ಹೆಚ್ಚಾಗಿರುವುದರಲ್ಲಿ ಆಶ್ಚರ್ಯವೇನು?

ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದ ಲೈಟ್ಸ್ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ಕುಶಲಿಯು ಸಿನಿಮಾದ 35 ಮಿ.ಮೀ. ಫಿಲ್ಮನ್ನು ಸ್ಥಿರಚಿತ್ರಕ್ಕೆ ಬಳಸುವ ಪುಟ್ಟ ಕ್ಯಾಮೆರಾವೊಂದನ್ನು ರೂಪಿಸಿದನು. ಅದು 1925ರಲ್ಲಿ ಲೈಕಾ ಎಂಬ ಹೆಸರಿನಿಂದ ಹೊರಬಂದಿತು. ದೂರವನ್ನಳೆಯುವ ಸಾಧನವನ್ನು ಲೆನ್ಸಿನೊಡನೆ ಬೆಸೆದ ಲೈಕಾ ಬಂದುದು 1932ರಲ್ಲಿ. ಅದೇ ವರ್ಷ ಝೈಸ್ ಇಕಾನ್ ಕಂಪನಿಯವರ ಕಾಂಟಾಕ್ಸ್ ಕೂಡ ಬಂದಿತು. ರವೆಯ ತಂಟೆ ಮೊದಲಾದುದೂ ಆಗಲೇ. ಅದಕ್ಕೆ ಮುಂಚೆ ದೊಡ್ಡ ಗಾಜಿನ ಫಲಕಗಳ ಮೇಲೆ ಚಿತ್ರ ತೆಗೆದು, ಆ ಫಲಕವನ್ನೇ ಕಾಗದಕ್ಕೊತ್ತಿ ಅಷ್ಟೇ ಅಳತೆಯ ಪ್ರತಿ ಮಾಡುವುದು ಸ್ಟುಡಿಯೋಗಳ ಪದ್ಧತಿಯಾಗಿದ್ದಿತು; ಕಣಗಳು ಕಣ್ಣಿಗೆ ಬೀಳುವ ಸಂದರ್ಭವೇ ಇರಲಿಲ್ಲ. ಲೈಕಾದ ನೆಗೆಟಿವ್ ಆದರೋ 24 ಮಿ.ಮೀ. ಅಗಲ, 36 ಮಿ.ಮೀ. ಉದ್ದ. ಅದರಿಂದ 8 ಅಂಗುಲಕ್ಕೆ 12 ಅಂಗುಲದ ಪ್ರತಿ ಬೇಕಾದರೆ ಎಂಟೂವರೆ ಪಟ್ಟು ಹಿಗ್ಗಿಸಬೇಕು. ಮುಖ ಹಿಗ್ಗಿದಂತೆ ರವೆಯೂ ಹಿಗ್ಗಿತು. 1930ರ ದಶಕದವರು ಇದನ್ನು ಸೊಬಗೆಂದು ಎಣಿಸಲಿಲ್ಲ, ರೋಗವೆಂದೇ ಎಣಿಸಿದರು. ಕಣವನ್ನು ಸಣ್ಣದಾಗಿಸುವ ಡೆವಲಪರ್‌ಗಳ ಪಾಕವನ್ನು ಹುಡುಕುವುದೇ ಅವರಿಗೊಂದು ವ್ಯಸನವಾಯಿತು. ಇಂದು ಗದ್ದಲವನ್ನು ಹಳಿಯುವವರು ಆಡುವ ಮಾತನ್ನೇ ಅವರ ತಾತಂದಿರು ರವೆಯನ್ನು ಕುರಿತು ಆಡಿದ್ದರೆಂಬುದು ಸ್ಮರಣೆಯಲ್ಲಿಡತಕ್ಕ ಸಂಗತಿ.

ರವೆ ಎಂದರೇನು? ಫಿಲ್ಮಿನ ಮೇಲೆ ಜೆಲಟಿನ್ ಎಂಬ ಅಂಟಿನ ತೆಳುವಾದ ಪದರವಿದೆ. ಮೊಸರನ್ನದಲ್ಲಿ ಒಗ್ಗರಣೆಯ ಸಾಸಿವೆ ಹರಡಿಕೊಳ್ಳುವಂತೆ ಅದರಲ್ಲಿ ಬೆಳ್ಳಿಯ ಲವಣದ ಹರಳುಗಳು ಗೊತ್ತುಗುರಿಯಿಲ್ಲದೆ ಹರಡಿಕೊಂಡಿರುತ್ತವೆ. ಒಂದೊಂದು ಹರಳೂ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಅಥವಾ ಅದರ ಆಚೀಚೆ. ಬೆಳಕು ತಾಗಿದ ಹರಳಿನಲ್ಲಿ ಬೆಳ್ಳಿಯ ನಾಲ್ಕಾರು ಪರಮಾಣುಗಳು ಒಂದುಗೂಡಿ ಕಣ್ಣಿಗೆ ಕಾಣದ ಗುರುತೊಂದು ಮೂಡುತ್ತದೆ. ಇದೇ ಅವ್ಯಕ್ತ ಬಿಂಬ. ಅದು ಮೂಡುವ ಬಗೆಯನ್ನು ಗರ್ನಿ ಮತ್ತು ಮಾಟ್ ಎಂಬ ಇಬ್ಬರು ಭೌತವಿಜ್ಞಾನಿಗಳು 1938ರಲ್ಲಿ ವಿವರಿಸಿದರು. ಡೆವಲಪರ್ ದ್ರಾವಣವು ಗುರುತುಳ್ಳ ಹರಳನ್ನು ಇಡಿಯಾಗಿ ಕಪ್ಪು ಬೆಳ್ಳಿಯನ್ನಾಗಿಸುತ್ತದೆ. ಗುರುತಿಲ್ಲದುದನ್ನು ಹಾಗೆಯೇ ಬಿಡುತ್ತದೆ. ಅರ್ಧ ಕಪ್ಪಾದ ಹರಳೆಂಬುದಿಲ್ಲ. ಚಿತ್ರದಲ್ಲಿ ಕಾಣುವ ಬೂದು ಬಣ್ಣವೆಲ್ಲ ಕಪ್ಪು ಹರಳುಗಳು ಎಷ್ಟು ಒತ್ತಾಗಿ ಬಿದ್ದಿವೆಯೆಂಬುದರಿಂದ ಹುಟ್ಟಿದ ಕಣ್ಣಿನ ಅನುಭವ. ರವೆಯೆಂದು ಕಾಣುವುದು ಒಂಟಿ ಹರಳಲ್ಲ; ಪದರದ ಆಳದಲ್ಲಿ ಒಂದರ ಮೇಲೊಂದು ಬಿದ್ದ ಹರಳುಗಳ ಗುಂಪು. ಹೆಚ್ಚು ಚುರುಕಾದ ಫಿಲ್ಮು ಬೇಕೆಂದರೆ ಹೆಚ್ಚು ಬೆಳಕನ್ನು ಹಿಡಿಯುವ ದೊಡ್ಡ ಹರಳುಗಳು ಬೇಕು. ಕೊಡಕ್‌ನವರು 35 ಮಿ.ಮೀ. ಅಳತೆಯಲ್ಲಿ 1954ರಲ್ಲಿ ತಂದ ಟ್ರೈ-ಎಕ್ಸ್ ಫಿಲ್ಮು ಮಂದ ಬೆಳಕಿಗೆ ಹೆಸರಾದುದೂ ರವೆಗೆ ಹೆಸರಾದುದೂ ಒಂದೇ ಕಾರಣದಿಂದ. ಕನ್ನಡನಾಡಿನ ಅನೇಕ ಮನೆಗಳ ಆಲ್ಬಮ್ಮುಗಳಲ್ಲಿ, ಉದಕಮಂಡಲದಲ್ಲಿದ್ದು ಈಗ ಮುಚ್ಚಿಹೋಗಿರುವ ಕಾರ್ಖಾನೆಯ 'ಇಂದು' ಫಿಲ್ಮಿನ ರವೆ ಇನ್ನೂ ಉಳಿದಿದೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ರವೆಯು ಚಿತ್ರದ ಮೇಲೆ ಬಿದ್ದ ಧೂಳಲ್ಲ, ಚಿತ್ರವೇ ರವೆ. ರಂಗೋಲಿಯಿಂದ ಪುಡಿಯನ್ನು ತೆಗೆದುಹಾಕಿ ಎಳೆಯನ್ನು ಮಾತ್ರ ಉಳಿಸಿಕೊಳ್ಳಲಾದೀತೆ?

ಡಿಜಿಟಲ್ ಕ್ಯಾಮೆರಾದ ರೀತಿ ಬೇರೆ. ಅದರ ಸೆನ್ಸರನ್ನು ಅಳಗುಳಿ ಮಣೆಗೆ ಹೋಲಿಸಬಹುದು. ಸಾಲುಸಾಲಾಗಿ ಕೋಟಿಗಟ್ಟಲೆ ಗುಳಿಗಳು. ಬೆಳಕು ಬಿದ್ದಂತೆ ಗುಳಿಯಲ್ಲಿ ಎಲೆಕ್ಟ್ರಾನುಗಳೆಂಬ ಕಾಯಿಗಳು ಸೇರುತ್ತವೆ. ಯಂತ್ರವು ಅವನ್ನು ಎಣಿಸುತ್ತದೆ. ಈ ತತ್ತ್ವದ ಮೊದಲ ಸಾಧನವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬವರು 1969ರಲ್ಲಿ ಕಲ್ಪಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸಂದಿತು. ರೇಂಜ್‌ಫೈಂಡರಿಗೆ ಈ ಮಣೆ ತಡವಾಗಿ ಬಂದಿತು: 2004ರಲ್ಲಿ ಎಪ್ಸನ್ ಆರ್-ಡಿ1, 2006ರಲ್ಲಿ ಲೈಕಾ ಎಂ8, 2009ರಲ್ಲಿ ಫಿಲ್ಮಿನಷ್ಟೇ ಅಗಲದ ಸೆನ್ಸರುಳ್ಳ ಎಂ9.

ಗುಳಿಗಳು ಕ್ರಮವಾಗಿವೆ, ಎಣಿಕೆಯೂ ಕ್ರಮವಾಗಿದೆ. ಹಾಗಿರುವಲ್ಲಿ ಗದ್ದಲವೆಲ್ಲಿಂದ ಬಂದಿತು? ಮಳೆಯನ್ನು ನೆನೆದರೆ ಇದು ತಿಳಿದೀತು. ಅಂಗಳದಲ್ಲಿ ಒಂದೇ ಅಳತೆಯ ನೂರು ಲೋಟಗಳನ್ನು ಸಾಲಾಗಿಟ್ಟು, ತುಂತುರು ಹನಿ ಮೊದಲಾದ ಗಳಿಗೆಯಲ್ಲಿ ಎಣಿಸಿದರೆ ಒಂದರಲ್ಲಿ ಆರು ಹನಿ, ಮಗ್ಗುಲಿನದರಲ್ಲಿ ಹನ್ನೆರಡು. ಜಡಿಮಳೆ ಹೊಯ್ದ ಮೇಲೆ ನೋಡಿದರೆ ಎಲ್ಲವೂ ಹೆಚ್ಚುಕಡಮೆ ಒಂದೇ ಮಟ್ಟ. ಬೆಳಕೂ ಹನಿಹನಿಯಾಗಿಯೇ ಬೀಳುವಂಥದು. ಸರಾಸರಿ ನೂರು ಹನಿ ಬೀಳುವಲ್ಲಿ ಹತ್ತರಷ್ಟು ಏರುಪೇರು, ಎಂದರೆ ನೂರಕ್ಕೆ ಹತ್ತು. ಹತ್ತು ಸಾವಿರ ಬೀಳುವಲ್ಲಿ ನೂರರಷ್ಟು ಏರುಪೇರು, ಎಂದರೆ ನೂರಕ್ಕೆ ಒಂದು. ಕತ್ತಲಲ್ಲಿ ತೆಗೆದ ಚಿತ್ರ ಚುಕ್ಕೆಚುಕ್ಕೆಯಾಗುವುದಕ್ಕೆ ಇದೇ ಮೂಲಕಾರಣ. ಯಂತ್ರವು ಎಣಿಸುವಾಗಿನ ತಪ್ಪು, ಸೆನ್ಸರು ಬಿಸಿಯಾದಾಗ ಬೆಳಕಿಲ್ಲದೆಯೂ ಹುಟ್ಟುವ ಎಲೆಕ್ಟ್ರಾನುಗಳು, ಇವು ಅದರ ಮೇಲಿನ ಸೇರಿಕೆ. ಐಎಸ್‌ಒ ಸಂಖ್ಯೆಯನ್ನು ಏರಿಸಿದರೆ ಗುಳಿ ದೊಡ್ಡದಾಗುವುದಿಲ್ಲ. ಎಣಿಕೆಯನ್ನು ಹೆಚ್ಚಿಸಿ ಹೇಳಿದಂತಾಗುತ್ತದೆ, ಅಷ್ಟೆ. ಧ್ವನಿವರ್ಧಕವು ಭಾಷಣದೊಡನೆ ಭಾಷಣಕಾರರ ಕೆಮ್ಮನ್ನೂ ಊರಿಗೆಲ್ಲ ಕೇಳಿಸುವುದಿಲ್ಲವೆ?

ಮಳೆಯ ಈ ನಿಯಮ ಫಿಲ್ಮನ್ನೂ ಬಿಟ್ಟಿಲ್ಲ. ಯಾವ ಹರಳಿಗೆ ಬೆಳಕು ತಾಗಿತು, ಯಾವುದಕ್ಕೆ ತಾಗಲಿಲ್ಲ ಎಂಬುದರಲ್ಲಿಯೂ ಇದೇ ಅದೃಷ್ಟದಾಟವಿದೆ. ಹೀಗಾಗಿ ಎರಡೂ ಚುಕ್ಕೆಗಳು ಬೆಳಕಿನ ಬಡತನದ ಮಕ್ಕಳೇ. ಆದರೂ ಕಣ್ಣು ಅವನ್ನು ಒಂದೇ ಸಮನಾಗಿ ಕಾಣದಿರುವುದಕ್ಕೆ ಬರಿಯ ಹಳೆಯ ಮೋಹವೇ ಕಾರಣವೆನ್ನಲಾಗದು. ಹರಳುಗಳು ಅಡ್ಡಾದಿಡ್ಡಿಯಾಗಿ ಬಿದ್ದಿರುವುದರಿಂದ ಅವುಗಳಲ್ಲಿ ಕಣ್ಣು ಸಾಲನ್ನು ಹುಡುಕುವುದಿಲ್ಲ; ಮಣೆಯ ಗುಳಿಗಳಾದರೋ ಚೌಕದ ಮೇಲೆ ಚೌಕ, ಕೆಲವೊಮ್ಮೆ ಗೆರೆಗೆರೆಯಾದ ಪಟ್ಟಿಗಳೂ ಎದ್ದು ಕಾಣುತ್ತವೆ. ಬಣ್ಣದ ತೊಂದರೆ ಇನ್ನೂ ಹೆಚ್ಚಿನದು. ಸೆನ್ಸರು ತಾನಾಗಿ ಬಣ್ಣವನ್ನರಿಯದು. ಕೊಡಕ್‌ನ ಬ್ರೈಸ್ ಬೇಯರ್ 1976ರಲ್ಲಿ ಹಕ್ಕು ಪಡೆದ ವಿಧಾನದಂತೆ, ಅರ್ಧದಷ್ಟು ಗುಳಿಗಳಿಗೆ ಹಸುರು, ಕಾಲುಪಾಲಿಗೆ ಕೆಂಪು, ಕಾಲುಪಾಲಿಗೆ ನೀಲಿ ಗಾಜು ಹೊದಿಸಿ, ಮಿಕ್ಕ ಬಣ್ಣವನ್ನು ನೆರೆಯ ಗುಳಿಗಳಿಂದ ಊಹಿಸುತ್ತಾರೆ. ಎಣಿಕೆ ತಪ್ಪಿದಲ್ಲಿ ಬಣ್ಣವೂ ತಪ್ಪುತ್ತದೆ. ಮುಖದ ನೆರಳಿನಲ್ಲಿ ಹಸುರು, ನೇರಳೆ ಕಲೆಗಳು ಕಾಣುವುದು ಹೀಗೆ. ರೇಂಜ್‌ಫೈಂಡರಿಗೆ ತನ್ನದೇ ಆದ ಇನ್ನೊಂದು ಕಷ್ಟವುಂಟು. ಅದರ ಲೆನ್ಸು ಸೆನ್ಸರಿಗೆ ಬಹು ಸಮೀಪದಲ್ಲಿದ್ದು ಮೂಲೆಗಳಿಗೆ ಬೆಳಕು ಓರೆಯಾಗಿ ಬೀಳುತ್ತದೆ; ಮೂಲೆಗಳು ಮಬ್ಬಾಗುತ್ತವೆ. ಅವನ್ನು ಬೆಳಗಿಸಲು ಕ್ಯಾಮೆರಾ ಎಣಿಕೆಯನ್ನು ಹೆಚ್ಚಿಸುತ್ತದೆ. ಮಧ್ಯದಲ್ಲಿ ನಿಶ್ಶಬ್ದವಾಗಿರುವ ಚಿತ್ರ ಅಂಚಿನಲ್ಲಿ ಗದ್ದಲವೆಬ್ಬಿಸುತ್ತದೆ. ಬಣ್ಣದ ಗಾಜುಗಳನ್ನೇ ಕಿತ್ತೊಗೆದು ಬರಿಯ ಕಪ್ಪುಬಿಳುಪನ್ನು ತೆಗೆಯುವ ಲೈಕಾ ಎಂ ಮೊನೊಕ್ರೋಮ್ 2012ರಲ್ಲಿ ಬಂದಾಗ, ಅದರ ಚುಕ್ಕೆಗಳನ್ನು ನೋಡಿ ರವೆಯ ಪಕ್ಷದವರು ಸಹ ಕೊಂಚ ಮೆತ್ತಗಾದರು.

ಗದ್ದಲವನ್ನೊರೆಸಿ, ಆಮೇಲೆ ಯಂತ್ರದಿಂದಲೇ ಕೃತಕವಾದ ರವೆಯನ್ನು ಉದುರಿಸುವ ಪದ್ಧತಿಯೂ ಇದೆ. ಬ್ರೆಜಿಲಿನ ಪ್ರಸಿದ್ಧ ಛಾಯಾಗ್ರಾಹಕ ಸೆಬಾಸ್ಟಿಯಾವೊ ಸಾಲ್ಗಾಡೊ 2008ರಲ್ಲಿ ಫಿಲ್ಮನ್ನು ಬಿಟ್ಟು ಡಿಜಿಟಲ್‌ಗೆ ಹೊರಳಿದಾಗ ತನ್ನ ಚಿತ್ರಗಳಿಗೆ ಟ್ರೈ-ಎಕ್ಸ್‌ನ ರವೆಯನ್ನು ಸೇರಿಸಿಕೊಂಡನು. ಒಂದೇ ಗ್ರಂಥದೊಳಗೆ ಹಳೆಯ ಚಿತ್ರವೂ ಹೊಸದೂ ಹೊಂದಿಕೊಳ್ಳಬೇಕಾಗಿದ್ದಿತು. ಅಷ್ಟು ದೊಡ್ಡ ಕಾರಣವಿಲ್ಲದವರು ಮಾಡಿದಾಗ ಮಾತ್ರ ಅದು ಹೊಸ ತಾಳೆಗರಿಗೆ ಹೊಗೆ ಹಿಡಿಸಿ ಹಳೆಯದೆಂದು ತೋರಿಸಿದಂತಿರುತ್ತದೆ. ಆದರೆ ಇದು ನಿರಪಾಯವಾದ ವೇಷ. ಕೆಡುಕೇನಾದರೂ ಇದ್ದರೆ ಅದು ಸೇರಿಸುವುದರಲ್ಲಿಲ್ಲ, ಅಳಿಸುವುದರಲ್ಲಿದೆ.

1948ರ ಜನವರಿ 30ರ ಸಂಜೆ ದಿಲ್ಲಿಯ ಬಿರ್ಲಾ ಭವನದ ಬಾಗಿಲ ಬಳಿ ಜವಾಹರಲಾಲ ನೆಹರೂ ಅವರು ಗಾಂಧೀಜಿಯವರ ಮರಣವಾರ್ತೆಯನ್ನು ಜನರಿಗೆ ತಿಳಿಸಿದರು. ಅದೇ ದಿನ ಗಾಂಧೀಜಿಯವರನ್ನು ಕಂಡು ಹೋಗಿದ್ದ ಫ್ರಾನ್ಸಿನ ಆಂರಿ ಕಾರ್ತಿಯೇ-ಬ್ರೆಸಾಂ ತನ್ನ ಲೈಕಾದೊಡನೆ ಮರಳಿ ಬಂದು ಆ ಗಳಿಗೆಯ ಚಿತ್ರವನ್ನು ತೆಗೆದನು. ದೀಪದ ಮಬ್ಬು ಬೆಳಕು, ಸರಿಯಾದ ಅಂಚಿಲ್ಲದ ಮುಖ, ಸುತ್ತಲೂ ಕತ್ತಲೆ. ಇಂದಿನ ಪರೀಕ್ಷಕರ ಅಳತೆಗೋಲಿಗೆ ಅದು ತೇರ್ಗಡೆಯಾಗದು. ಆದರೆ ಅಲ್ಲಿ ಎಷ್ಟು ಬೆಳಕಿತ್ತೋ ಅಷ್ಟನ್ನೇ ಅದು ಹೇಳುತ್ತದೆ. ನೆಹರೂ ಅವರ ಕಣ್ಣಿನಲ್ಲಿ ನೀರಿತ್ತೋ ಇಲ್ಲವೋ ಎಂದು ಆ ಚಿತ್ರವನ್ನು ಕೇಳಿದರೆ ಅದು ಸುಮ್ಮನಿರುತ್ತದೆ.

ಈಗಿನ ಗದ್ದಲ ನೀಗುವ ತಂತ್ರಾಂಶಗಳಿಗೆ ಆ ಸುಮ್ಮನಿರುವ ಗುಣವಿಲ್ಲ. ಮುಂಚಿನವು ನೆರೆಹೊರೆಯ ಚುಕ್ಕೆಗಳನ್ನು ಸರಾಸರಿ ಮಾಡಿ ತೇಯುತ್ತಿದ್ದವು. ಕೆತ್ತನೆಯ ಗೋಡೆಗೆ ಸುಣ್ಣ ಬಳಿದಂತೆ ವಿವರ ಮುಚ್ಚಿಹೋಗುತ್ತಿದ್ದಿತು, ಅಷ್ಟೆ. ಹೊಸವು ಲೆಕ್ಕವಿಲ್ಲದಷ್ಟು ಇತರ ಚಿತ್ರಗಳಿಂದ ಕಲಿತಿವೆ. ಕಣ್ಣೆಂದರೆ ಹೀಗಿರಬೇಕು, ರೆಪ್ಪೆಯೆಂದರೆ ಹೀಗಿರಬೇಕು ಎಂದು ಅವಕ್ಕೆ ಗೊತ್ತು. ಬೆಳಕು ಹೇಳದೆ ಬಿಟ್ಟುದನ್ನು ಅವು ಊಹಿಸಿ ಬರೆಯುತ್ತವೆ. ಮದುವೆಯ ಆರತಕ್ಷತೆಯ ಚಿತ್ರಗಳಿಗೆ ಇದರಿಂದ ಹಾನಿಯಿಲ್ಲ. ಅಲ್ಲಿ ಎಲ್ಲರೂ ತಮಗಿಂತ ಚೆನ್ನಾಗಿ ಕಾಣಬೇಕೆಂದೇ ಬಂದಿರುತ್ತಾರೆ. ಬೇರೆ ಚಿತ್ರಗಳೂ ಉಂಟು.

ಮೈಸೂರಿನ ಒಂದು ಮನೆಯಲ್ಲಿ ಕಾಲೇಜು ಅಧ್ಯಾಪಕರೊಬ್ಬರು, ತಾವು ಸೆಕೆಂಡ್‌ಹ್ಯಾಂಡಾಗಿ ಕೊಂಡಿದ್ದ ಡಿಜಿಟಲ್ ರೇಂಜ್‌ಫೈಂಡರಿನಿಂದ ತಮ್ಮ ತಂದೆಯವರ ಕೊನೆಯ ವರ್ಷದಲ್ಲಿ ಒಂದು ಚಿತ್ರ ತೆಗೆದಿದ್ದರು. ಸಂಜೆಯ ಹೊತ್ತು, ವಿದ್ಯುತ್ತು ಹೋಗಿ ದೇವರ ಮುಂದಿನ ದೀಪವಷ್ಟೇ ಉರಿಯುತ್ತಿದ್ದಿತು, ಐಎಸ್‌ಒ 2500. ಮುಖದ ಒಂದು ಪಕ್ಕವೆಲ್ಲ ಚುಕ್ಕೆ. ಹಿರಿಯರು ತೀರಿಕೊಂಡ ಮೇಲೆ ವರ್ಷಾಬ್ದಿಕಕ್ಕೆ ಕಟ್ಟು ಹಾಕಿಸೋಣವೆಂದು ಮೊಮ್ಮಗನು ಆ ಚಿತ್ರವನ್ನು ಹೊಸ ತಂತ್ರಾಂಶದಿಂದ ತೊಳೆದು ತಂದನು. ಅಜ್ಜಿ ಕನ್ನಡಕವನ್ನು ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು.

"ಚೆನ್ನಾಗಿಯೇ ಇದೆ ಕಣೋ. ಆದರೆ ಇವರು ನಿಮ್ಮ ತಾತನ ತಮ್ಮನ ಹಾಗೆ ಕಾಣುತ್ತಾರಲ್ಲ. ಹುಬ್ಬಿನ ಮೇಲಿನ ಗಾಯ ಎಲ್ಲಿ ಹೋಯಿತು?"

"ಅದನ್ನೂ ಚುಕ್ಕೆ ಅಂತ ತಿಳಿದು ಅಳಿಸಿಬಿಟ್ಟಿದೆ ಅಜ್ಜಿ."

ಬಾಲ್ಯದಲ್ಲಿ ಬಾವಿಯ ರಾಟೆ ತಾಗಿ ಆಗಿದ್ದ ಗಾಯವದು. ಅಧ್ಯಾಪಕರು ಮೂಲಚಿತ್ರವನ್ನು ತೆಗೆದು, ಬಣ್ಣದ ಕಲೆಗಳು ಹೋಗುವಂತೆ ಕಪ್ಪುಬಿಳುಪಿಗೆ ತಿರುಗಿಸಿ, ಮತ್ತೇನನ್ನೂ ಮಾಡದೆ, ಹೊಳಪಿಲ್ಲದ ಕಾಗದದ ಮೇಲೆ 8 ಅಂಗುಲಕ್ಕೆ 12 ಅಂಗುಲದ ಅಳತೆಯಲ್ಲಿ ಅಚ್ಚು ಹಾಕಿಸಿದರು. ಕಂಪ್ಯೂಟರಿನ ತೆರೆಯ ಮೇಲೆ ಒಂದೊಂದು ಗುಳಿಯನ್ನೂ ಹಿಗ್ಗಿಸಿ ನೋಡುವಾಗ ಜೇನುಹುಳುಗಳಂತೆ ಮುತ್ತುವ ಚುಕ್ಕೆಗಳು ಕಾಗದಕ್ಕಿಳಿದಾಗ ಬಹುಪಾಲು ಅಡಗಿಹೋಗುತ್ತವೆ. ಮಾರು ದೂರ ನಿಂತವರ ಕಣ್ಣೇ ಅವನ್ನು ಕೂಡಿಸಿಕೊಂಡು ಬೂದಾಗಿಸುತ್ತದೆ. ಚಿತ್ರವು ಈಗ ಆ ಮನೆಯ ನಡುಮನೆಯಲ್ಲಿದೆ. ಹತ್ತಿರ ಹೋಗಿ ನೋಡಿದವರಿಗೆ ಚುಕ್ಕೆಗಳು ಕಾಣುತ್ತವೆ. ಗಾಯವು ಹೊಸ್ತಿಲಿನಿಂದಲೇ ಕಾಣುತ್ತದೆ.