ಡಾಕ್ಟರು ಏನಂದರು?

ಆಸ್ಪತ್ರೆಯಿಂದ ಯಾರೇ ಮನೆಗೆ ಬರಲಿ, ಚಪ್ಪಲಿ ಬಿಡುವ ಮೊದಲೇ ಒಂದು ಪ್ರಶ್ನೆ ಎದುರಾಗುತ್ತದೆ: ‘ಡಾಕ್ಟರು ಏನಂದರು?’ ಉತ್ತರವೂ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. ‘ಏನೋ ಹೇಳಿದ್ರಪ್ಪ, ಮಾತ್ರೆ ಬರೆದುಕೊಟ್ಟಿದ್ದಾರೆ.’ ಹಾಗಾದರೆ ಆ ಮಾತ್ರೆಯ ವಿಷಯ ಬಿಡಿಸಿ ಹೇಳುವವರು ಯಾರು? ಬಹಳ ಊರುಗಳಲ್ಲಿ ಮೆಡಿಕಲ್ ಶಾಪಿನವರೇ. ನೀವು ಗಮನಿಸಿರಬಹುದು, ಓದಲು ಬಾರದ ಅಜ್ಜಿ ಬಂದರೆ ಅವರು ಮಾತ್ರೆಯ ಪಟ್ಟಿಯ ಬೆನ್ನಿಗೆ ಪೆನ್ನಿನಲ್ಲಿ ಗೀಟು ಹಾಕುತ್ತಾರೆ. ಎರಡು ಗೀಟಿನದು ಬೆಳಿಗ್ಗೆ, ರಾತ್ರಿ. ಒಂದು ಗೀಟಿನದು ಮಲಗುವಾಗ. ‘ಅಜ್ಜಿ, ಇದು ಊಟ ಆದ್ಮೇಲೆ, ಮರೀಬೇಡಿ’ ಎಂದು ಎರಡು ಸಲ ಹೇಳಿ, ಅಜ್ಜಿಯ ಬಾಯಿಂದಲೂ ಒಮ್ಮೆ ಹೇಳಿಸಿ ಕಳಿಸುತ್ತಾರೆ. ಔಷಧಿಯ ಅರ್ಧ ಕೆಲಸ ಅಲ್ಲೇ ಆಯಿತು ಎಂದೇ ನನ್ನ ನಂಬಿಕೆ.

ಈಗ ಇದಕ್ಕೆ ಆರೋಗ್ಯ ಸಂವಹನ ಎಂಬ ಹೆಸರಿದೆ. ವಿಶ್ವವಿದ್ಯಾಲಯಗಳಲ್ಲಿ ವೈದ್ಯರು, ಇತಿಹಾಸ-ಸಾಹಿತ್ಯ ಬಲ್ಲವರು, ಪತ್ರಿಕೆ-ರೇಡಿಯೊ-ಸಿನಿಮಾದವರು ಒಟ್ಟಿಗೆ ಕೂತು ಸಂಶೋಧನೆ ಮಾಡುತ್ತಾರೆ. ಬಹಳ ಒಳ್ಳೆಯ ಕೆಲಸ. ಆದರೆ ಈ ಮೂವರೂ ಕೂಡಿದ್ದು ಇದೇ ಮೊದಲೇ? ಮೈಸೂರಿನ ಅರಮನೆಯ ಕಡೆ ಒಮ್ಮೆ ಹೋಗಿಬರೋಣ, ಬನ್ನಿ.

ಸುಮಾರು 1805ರಲ್ಲಿ ಐರ್ಲೆಂಡ್ ಮೂಲದ ಚಿತ್ರಕಾರ ಥಾಮಸ್ ಹಿಕಿ ಮೂವರು ಹೆಂಗಸರ ಚಿತ್ರವೊಂದನ್ನು ಬರೆದ. ಅವರು ಯಾರೋ ನರ್ತಕಿಯರಿರಬೇಕು ಎಂದು ಬಹಳ ಕಾಲ ಜನ ಅಂದುಕೊಂಡಿದ್ದರು. ಅಲ್ಲ, ಅವರು ಒಡೆಯರ ಮನೆತನದ ರಾಣಿಯರು ಎಂದು ವಾದಿಸಿದವರು ಇತಿಹಾಸಕಾರ ನೈಜೆಲ್ ಚಾನ್ಸಲರ್. ಅವರು ಹೇಳುವಂತೆ ನಡುವೆ ನಿಂತವರು ರಾಜಮನೆತನದ ಹಿರಿಯರಾದ ಲಕ್ಷ್ಮಮ್ಮಣ್ಣಿಯವರು; ಅಕ್ಕಪಕ್ಕದ ಇಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿಯರು. ಚಿತ್ರವನ್ನು ಹತ್ತಿರದಿಂದ ನೋಡಬೇಕು. ಎಡಗಡೆಯ ರಾಣಿಯ ಮೂಗು, ಬಾಯಿಯ ಸುತ್ತ ಬಣ್ಣ ಮಾಸಿದೆ. ಸಿಡುಬು ತಡೆಯಲೆಂದು ಅದರ ಒಣಗಿದ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುವ ಹಳೆಯ ಪದ್ಧತಿಯ ಗುರುತಂತೆ ಅದು. ಬಲಗಡೆಯ ಕಿರಿಯ ರಾಣಿ ಸೀರೆಯನ್ನು ಸರಿಸಿ, ಎಡತೋಳನ್ನು ಕಾಣುವಂತೆ ಬಿಟ್ಟಿದ್ದಾಳೆ. ಅಲ್ಲಿ ಚುಚ್ಚಿದ್ದು ಇಂಗ್ಲೆಂಡಿನ ವೈದ್ಯ ಜೆನ್ನರ್ ಮಹಾಶಯ ಹಸುವಿನ ಸಿಡುಬಿನಿಂದ ಮಾಡಿದ ಹೊಸ ಲಸಿಕೆ.

ಆ ಲಸಿಕೆ ಬಂದ ದಾರಿಯೇ ಒಂದು ಕಥೆ. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಅದನ್ನು ಹಾಕಿದರು. ಆಗ ಫ್ರಿಜ್ ಎಲ್ಲಿತ್ತು? ಒಂದು ಮಗುವಿನ ತೋಳಿನ ಗುಳ್ಳೆಯಿಂದ ದ್ರವ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಚ್ಚುತ್ತ ಊರಿಂದ ಊರಿಗೆ ಸಾಗಿಸಬೇಕು. ಯಾರದೋ ಮಗುವಿನ ಕೀವು ನಮ್ಮ ಮಗುವಿನ ಮೈಗೆ! ಅದೂ ಹಸುವಿನ ರೋಗದ್ದು! ಮಡಿ, ಜಾತಿ, ಅಮ್ಮನವರ ಕೋಪದ ಭಯ ಇವೆಲ್ಲ ಅಡ್ಡ ಬರದೆ ಇರುತ್ತವೆಯೇ? ಅಂಥ ಕಾಲದಲ್ಲಿ ರಾಣಿಯೇ ತೋಳೊಡ್ಡಿದಳೆಂಬ ಸುದ್ದಿ ಮಾಡುವ ಕೆಲಸವನ್ನು ವೈದ್ಯಗ್ರಂಥ ಮಾಡಲಾರದು. ಸೂಜಿ ವೈದ್ಯರದು, ಜನರ ಭಯ ಎಲ್ಲಿದೆಯೆಂಬ ತಿಳಿವಳಿಕೆ ಅರಮನೆಯವರದು, ಕುಂಚ ಹಿಕಿಯದು.

ಮೈಸೂರಿನಿಂದ ಮಲೆನಾಡಿಗೆ ಹೊರಳಿದರೆ ಬೇಸರವಿಲ್ಲ ತಾನೆ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರಿಗೆ ಜ್ವರ ಹತ್ತಿತು. ಮಂಗನ ಕಾಯಿಲೆಯನ್ನು ಹರಡುವುದು ಉಣುಗು ಎಂಬುದು ಗೊತ್ತಾಯಿತು. ಸರಿ, ಕಾಡಿಗೆ ಹೋಗಬೇಡಿ ಎಂದು ಭಿತ್ತಿಪತ್ರ ಅಂಟಿಸಿದರೆ ಮುಗಿಯಿತೇ? ಅಡಿಕೆ ತೋಟಕ್ಕೆ ಸೊಪ್ಪು ಬೇಕು, ಕೊಟ್ಟಿಗೆಗೆ ತರಗೆಲೆ ಬೇಕು, ಒಲೆಗೆ ಸೌದೆ ಬೇಕು. ಕಾಯಿಲೆ ಹೆಚ್ಚುವುದೂ ಒಣ ಕಾಲದಲ್ಲಿ, ತರಗೆಲೆ ಗುಡಿಸುವ ದಿನಗಳಲ್ಲಿ. ಆ ಬದುಕನ್ನು ಬಲ್ಲವರ ಮಾತೇ ಬೇರೆ. ‘ಹೋಗುವ ಮೊದಲು ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆ ಕುದಿಸಿ, ಮಂಗ ಸತ್ತಿದ್ದು ಕಂಡರೆ ಮುಟ್ಟಬೇಡಿ, ಸುದ್ದಿ ಕೊಡಿ’ ಎನ್ನುತ್ತಾರೆ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ ಹೇಳಿದರೆ ಈ ಮಾತು ನಾಟುತ್ತದೆ, ಏಕೆಂದರೆ ಆಕೆಯ ಮನೆಯಲ್ಲೂ ಕೊಟ್ಟಿಗೆ ಇದೆ.

ಮಲೆನಾಡು ಎಂದ ಮೇಲೆ ತೀರ್ಥಹಳ್ಳಿಯ ಅನುಪಮಾ ನಿರಂಜನರನ್ನು ಮರೆಯಲಾದೀತೇ? ವೈದ್ಯೆ, ಕಾದಂಬರಿಗಾರ್ತಿ, ಎರಡೂ ಅವರೇ. ‘ತಾಯಿ ಮಗು’, ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’ಗಳಲ್ಲಿ ಅವರು ಬರೆದ ವಿಷಯಗಳು, ಆ ಕಾಲದ ಹುಡುಗಿಯರು ತಾಯಿಯನ್ನೂ ಕೇಳಲು ನಾಚುತ್ತಿದ್ದಂಥವು. ಸಂಕೋಚದ ಹೆಣ್ಣುಮಕ್ಕಳಿಗೆ ಪುಸ್ತಕವೇ ಡಾಕ್ಟರಾದದ್ದು ಸಣ್ಣ ಸಂಗತಿಯಲ್ಲ. ಅದಕ್ಕೇ ವೈದ್ಯ ವಿದ್ಯಾರ್ಥಿಗಳು ಕನ್ನಡದಲ್ಲಿ ಒಂದು ಕಾಯಿಲೆಯನ್ನು ಸರಳವಾಗಿ ವಿವರಿಸಿ ಬರೆಯುವುದನ್ನು ಕಲಿಯಲೇಬೇಕು ಎಂದು ನನಗನಿಸುತ್ತದೆ.

ಬರೆಯುವ ಡಾಕ್ಟರ ವಿಷಯ ಬಂದಾಗ ರಾಶಿಯವರು, ಅದೇ ಡಾ. ಎಂ. ಶಿವರಾಂ, ಬಂದೇ ಬರಬೇಕು. ಮನಸ್ಸಿನ ಕಾಯಿಲೆಗಳನ್ನು ಕುರಿತ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ಡಾಕ್ಟರು 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಶುರುಮಾಡಿ ಇಪ್ಪತ್ತೈದು ವರ್ಷ ನಡೆಸಿದರು. ಆರ್.ಕೆ. ಲಕ್ಷ್ಮಣರು ಎಳೆಯ ವಯಸ್ಸಿನಲ್ಲಿ ಅದಕ್ಕೆ ಚಿತ್ರ ಬರೆದವರು. ನಾಡಿ ಹಿಡಿಯುವ ಕೈಯೇ ಅಚ್ಚಿನ ಕರಡನ್ನೂ ತಿದ್ದುತ್ತಿತ್ತು ನೋಡಿ! ಹಳೆಯ ‘ಕೊರವಂಜಿ’ಯ ಸಂಚಿಕೆ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಓದಿ, ಮನೆಯವರಿಗೂ ಓದಿ ಹೇಳಿ.