ತಾರೀಖು ಬಿದ್ದ ಚೀಟಿ

ಹೊತ್ತು ಮುಳುಗಿದರೂ ಕಟ್ಟೆಯ ಕಲ್ಲು ಇನ್ನೂ ಕಾದಿದೆ. "ಸುಡತೈತಿ, ಇದರ ಮ್ಯಾಲ ಕುಂದ್ರಿ" ಎಂದು ಅಜ್ಜಿಯೊಬ್ಬಳು ಗೊಬ್ಬರದ ಚೀಲ ಬಿಚ್ಚಿ ಹೊಲಿದ ತಟ್ಟನ್ನು ನಿಮ್ಮತ್ತ ಸರಿಸುತ್ತಾಳೆ. ರಾಯಚೂರು ಜಿಲ್ಲೆಯ ವಳಕಮದಿನ್ನಿ, 2024ರ ಏಪ್ರಿಲ್, ಯುಗಾದಿ ಮುಗಿದ ಮರುವಾರ. ದಿನ್ನಿ ಅಂದರೆ ದಿಬ್ಬ. ಹೆಸರಿನಲ್ಲಿ ದಿಬ್ಬವೇನೋ ಇದೆ, ಗಾಳಿ ಮಾತ್ರ ಎಲೆ ಅಲುಗುವಷ್ಟೂ ಇಲ್ಲ.

ಬರುವಾಗ ಓಣಿಯಲ್ಲಿ ಬೀಗ ಬಿದ್ದ ಬಾಗಿಲುಗಳನ್ನು ಎಣಿಸುತ್ತ ಬಂದಿರಿ, ನಡುವೆ ಲೆಕ್ಕ ತಪ್ಪಿತು. ಹಿಂದಿನ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿ ಸೇರಿವೆ. ತುಂಗಭದ್ರಾ ಜಲಾಶಯ ತುಂಬಲಿಲ್ಲ, ಎಡದಂಡೆ ಕಾಲುವೆಯ ಭತ್ತದ ಸೀಮೆಗೆ ಎರಡನೇ ಬೆಳೆಯ ನೀರು ಬರಲಿಲ್ಲ. ಸ್ವಂತ ಹೊಲ ಇಲ್ಲದವರಿಗೂ ಕಾಲುವೆ ಬೇಕು. ನಾಟಿ ಇಲ್ಲ ಅಂದರೆ ಕೂಲಿ ಇಲ್ಲ, ಕೂಲಿ ಇಲ್ಲ ಅಂದರೆ ಗುಳೆ. ಬೆಂಗಳೂರಿನ ಬಿಲ್ಡಿಂಗ್ ಕೆಲಸ, ತಗಡಿನ ಶೆಡ್ಡು.

ಸ್ಕೂಟಿಯ ಬೆಳಕು ಗೋಡೆ ಸವರಿಕೊಂಡು ಬಂದು ನಿಲ್ಲುತ್ತದೆ. "ಅಕ್ಕ ಬಂದ್ಲು." ಇಳಿದವಳು ಸರ್ಕಾರದವಳಲ್ಲ, ಪಕ್ಷದವಳೂ ಅಲ್ಲ, ಕೂಲಿಕಾರರ ಸಂಘದವಳು. ಹೆಗಲ ಚೀಲದಿಂದ ಒಂದೊಂದೇ ಹೊರಗೆ ಬರುತ್ತವೆ: ಫಾರ್ಮ್ ನಂಬರ್ 6ರ ಕಟ್ಟು, ನೀಲಿ ಇಂಕಿನ ಸ್ಟ್ಯಾಂಪ್ ಪ್ಯಾಡು, ಬೆರಳು ಒರೆಸಲು ಹಳೇ ಬನಿಯನ್ನಿನ ಚೂರು.

ಟಾರ್ಚು ಹಿಡಿಯುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಕೆಲಸ ಕೇಳುವ ಅರ್ಜಿ ಇದು: ಹೆಸರು, ಜಾಬ್ ಕಾರ್ಡ್ ನಂಬರು, ಯಾವತ್ತಿನಿಂದ, ಎಷ್ಟು ದಿನ. ಅಜ್ಜಿಯ ಸರದಿ. ಅಕ್ಕ ಅವಳ ಹೆಬ್ಬೆರಳನ್ನು ಪ್ಯಾಡಿನ ಮೇಲೆ ಹೊರಳಿಸಿ ಕಾಗದಕ್ಕೆ ಒತ್ತುತ್ತಾಳೆ. ಮೂಡಿದ್ದು ಬರೀ ಒಂದು ನೀಲಿ ಕಲೆ. ಗೆರೆಯೇ ಇಲ್ಲ. ಕಳೆ ಕಿತ್ತು, ಕಲ್ಲು ಹೊತ್ತು ಸವೆದ ಬೆರಳು. "ರೇಷನ್ ಅಂಗಡಿ ಮಷೀನೂ ಹಿಂಗ ಅಂತೈತಿ ಯವ್ವಾ, ನಾ ಅದೀನೋ ಇಲ್ಲೋ ಅಂತ" ಎಂದು ಅವಳೇ ನಗುತ್ತಾಳೆ. ಎರಡನೇ ಸಲ ಒತ್ತಿದಾಗ ಅಂಚಿನಲ್ಲಿ ನಾಲ್ಕು ಗೆರೆ ಸಿಕ್ಕವು. ಸಾಕು.

ಈ ಕಾಗದದ ಬೇರು ದೂರದ ರಾಜಸ್ಥಾನದಲ್ಲಿದೆ. ಅಲ್ಲಿಯ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಿಂದ ಜನರ ನಡುವೆ ಕೂತು ಹಾಜರಿ ಪಟ್ಟಿಗಳನ್ನು ಗಟ್ಟಿಯಾಗಿ ಓದತೊಡಗಿದರು. ಸತ್ತವರೂ ಕೂಲಿ ಪಡೆದದ್ದು ಹಾಗೆ ಬಯಲಾಯಿತು. ಅದೇ ಸಂಘಟನೆಯ ಅರುಣಾ ರಾಯ್, ಅರ್ಥಶಾಸ್ತ್ರಜ್ಞ ಜಾನ್ ಡ್ರೇಜ್ ಮುಂದೆ ರಾಷ್ಟ್ರೀಯ ಸಲಹಾ ಮಂಡಳಿಯಲ್ಲಿ ಕೂತರು. 2005ರಲ್ಲಿ ಉದ್ಯೋಗ ಖಾತರಿ ಕಾಯ್ದೆ ಬಂತು. 2006ರ ಫೆಬ್ರುವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಜಾರಿಯಾದಾಗ ಕರ್ನಾಟಕದ ಐದರಲ್ಲಿ ರಾಯಚೂರೂ ಒಂದು. ಬಡತನದ ಪಟ್ಟಿಯಲ್ಲಿ ಮೊದಲ ಸಾಲು ಸಿಕ್ಕಿದ್ದನ್ನು ಭಾಗ್ಯ ಅನ್ನಬೇಕೋ ಬೇಡವೋ!

ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ. ಆ 15 ದಿನ ಶುರುವಾಗುವುದು ತಾರೀಖು ಹಾಕಿದ ರಸೀದಿಯಿಂದ. ಅದಕ್ಕೇ ಅರ್ಜಿ ತಗೊಳ್ಳಲು ಒಪ್ಪುವ ಕಚೇರಿಗಳೂ ರಸೀದಿ ಅಂದಕೂಡಲೇ ಸೀಲು ಹುಡುಕತೊಡಗುತ್ತವೆ. "ಇಟ್ಟು ಹೋಗ್ರಿ, ನೋಡ್ತೀವಿ" ಎಂಬ ಮಾತು ಕೇಳದ ಕೂಲಿಕಾರರಿಲ್ಲ. ಸಂಘ ಕಲಿಸಿದ್ದು ಒಂದೇ: ಇಟ್ಟು ಹೋಗಬ್ಯಾಡ್ರಿ.

ಹಾಗೆ ಇಟ್ಟು ಹೋಗದೆ ಕೂತವರು ಇಲ್ಲಿಂದ ದೂರವೇನಿಲ್ಲ, ಸಿಂಧನೂರಿನಿಂದ ಮಾನ್ವಿಗೆ ಹೋಗುವ ದಾರಿಯಲ್ಲಿ ಪೋತ್ನಾಳ ಸಿಗುತ್ತದೆ. ದಲಿತ ಕೂಲಿ ಹೆಣ್ಣುಮಕ್ಕಳು 1999ರಲ್ಲಿ ಅಲ್ಲಿ ಜಾಗೃತ ಮಹಿಳಾ ಸಂಘಟನೆ ಕಟ್ಟಿಕೊಂಡರು. ಅವರು ಸುಟ್ಟ ಮಣ್ಣಿನಲ್ಲಿ ಮಾಡುವ ಸರ, ಓಲೆಗಳು 'ಚಿಗುರು' ಹೆಸರಿನಲ್ಲಿ ಪೇಟೆಗೆ ಹೋಗುತ್ತವೆ. ಕೊಂಡವರಿಗೆ ಸರ ಕಾಣುತ್ತದೆ, ಅದನ್ನು ಮಾಡಿದ ಕೈಗಳು ಕಚೇರಿ ಮುಂದೆ ಕೂತ ದಿನಗಳು ಕಾಣುವುದಿಲ್ಲ.

ದೊಡ್ಡ ರಸ್ತೆಯ ಕಡೆಯಿಂದ ಪ್ರಚಾರದ ಗಾಡಿಯ ಮೈಕು. ಕೊಪ್ಪಳ ಲೋಕಸಭೆಗೆ ಮೇ 7ರಂದು ಮತದಾನ. ಅಕ್ಕ ತಲೆ ಎತ್ತುವುದಿಲ್ಲ. ಅವಳು ಈಗ ಅಕ್ಷರ ತಾಳೆ ನೋಡುತ್ತಿದ್ದಾಳೆ. ಹುಲಿಗೆಮ್ಮ ಎಂಬ ಹೆಸರು ಈ ಸೀಮೆಯಲ್ಲಿ ಮನೆಗೊಂದು. ಜಾಬ್ ಕಾರ್ಡಿನಲ್ಲಿ ಹುಲಿಗೆಮ್ಮ, ಆಧಾರಿನಲ್ಲಿ ಹುಲಗಮ್ಮ ಆದರೆ ಮುಗೀತು, ದುಡಿದ ದುಡ್ಡು ನಡುವೆ ಎಲ್ಲೋ ನಿಂತುಬಿಡುತ್ತದೆ. ಈ ಜನವರಿಯಿಂದ ಕೂಲಿ ಆಧಾರ್ ಮೂಲಕವೇ ಬರಬೇಕು. ಅದಕ್ಕೂ ಮೊದಲು, 2023ರಿಂದ, ಕೆಲಸದ ಜಾಗದಲ್ಲಿ ದಿನಕ್ಕೆರಡು ಫೋಟೊ ಕಡ್ಡಾಯವಾಗಿತ್ತು. ನೆಟ್‌ವರ್ಕ್ ಇಲ್ಲದ ನಾಲಾದಲ್ಲಿ ಫೋಟೊ ಏರದಿದ್ದರೆ ಆ ದಿನದ ಹಾಜರಿಗೇ ಸಂಚಕಾರ.

ನಿಮಗೆ ಸಿಟ್ಟು ಬರುವುದು ಇಲ್ಲೇ. ಕಾಯ್ದೆ ಬರೆಯುವಾಗ ಸಂಘಟನೆಯವರ ಮಾತಿಗೆ ಬೆಲೆ ಇತ್ತು. ನಿಯಮ ಬದಲಾದಾಗ ಅವರ ಪಾಲಿಗೆ ಬಂದದ್ದು ಹೊಸ ಫಾರ್ಮು ತುಂಬುವ ಕೆಲಸ. ಸಂಬಳವಿಲ್ಲದ ಗುಮಾಸ್ತಿಕೆ. ಇದನ್ನು ಅಕ್ಕನಿಗೆ ಹೇಳುತ್ತೀರಿ. "ಖರೇನ ರೀ. ನಾ ತುಂಬೂದು ಬಿಟ್ರ ಇವರ ಕಾರ್ಡು ಖಾಲಿ ಉಳೀತೈತಿ. ತುಂಬಿದ್ರ, ಎಲ್ಲಾ ಸರಿ ನಡದೈತಿ ಅಂತ ಮ್ಯಾಲಿನವರು ಅನಕೋತಾರ." ಅಷ್ಟು ಹೇಳಿ ಪೆನ್ನು ಜಾಡಿಸುತ್ತಾಳೆ.

ಮೂವತ್ತೊಂದು ಅರ್ಜಿ ಆದವು. ಈ ತಿಂಗಳಿಂದ ದಿನಗೂಲಿ 316 ಹೋಗಿ 349 ರೂಪಾಯಿ. ಮನೆಗೊಂದು ನೂರು ದಿನ ಲೆಕ್ಕ ಹಾಕಿ ಯಾರೋ ಬೆರಳು ಮಡಚುತ್ತಿದ್ದಾರೆ. ಇನ್ನು ಉಳಿದದ್ದು ನಾಳೆ ಕಚೇರಿಗೆ ಕಟ್ಟು ಹೊತ್ತು ಹೋಗುವವರು ಯಾರು ಎಂಬುದು.

ಮಾತು ನಿಲ್ಲುತ್ತದೆ. "ಬಸ್ಸೇನೋ ಪುಕ್ಕಟೆ ಐತಿ, ದಿನ ಪುಕ್ಕಟೆ ಅಲ್ಲಲ್ಲ" ಎಂದಳೊಬ್ಬಳು. ಮೆಣಸಿನಕಾಯಿ ಬಿಡಿಸುವ ಕೂಲಿ ಅಪರೂಪಕ್ಕೆ ನಾಳೆ ಸಿಕ್ಕಿದೆ. ಹೋದವರಿಗೆ ಅದು ತಪ್ಪುತ್ತದೆ. ಕಡೆಗೆ ಇಬ್ಬರು ಒಪ್ಪಿದರು. ಅವರ ಕೂಲಿ ತುಂಬಿಕೊಡಲು ಉಳಿದವರು ತಲೆಗೆ ಹತ್ತು ರೂಪಾಯಿ.

ಚಿಲ್ಲರೆ ತಟ್ಟಿನ ಮೇಲೆ ಬೀಳತೊಡಗುತ್ತದೆ. ನೀವು ಎಣಿಸುತ್ತೀರಿ: ಇನ್ನೂರ ಎಂಬತ್ತು. ಜೇಬಿಗೆ ಕೈ ಹಾಕಿದಿರಿ. "ನೀವು ಬ್ಯಾಡ್ರಿ, ಇದು ನಮ್ಮದು" ಎಂದು ಅಕ್ಕ ತಡೆಯುತ್ತಾಳೆ. ಅಜ್ಜಿ ಸೆರಗಿನ ತುದಿಯ ಗಂಟಿಗೆ ಹಲ್ಲು ಹಚ್ಚುತ್ತಾಳೆ. ಬಿಗಿಯಾದ ಗಂಟು, ಬಿಚ್ಚಲು ಹೊತ್ತಾಗುತ್ತದೆ. ಟಾರ್ಚು ಅವಳ ಕಡೆ ತಿರುಗಿಸುತ್ತೀರಿ. ಮಡಚಿ ಮಡಚಿ ಕಡ್ಡಿಯಷ್ಟಾದ ಹತ್ತರ ನೋಟೊಂದು ಹೊರಬರುತ್ತದೆ, ಅಂಚಿಗೆ ಅವಳ ಹೆಬ್ಬೆರಳಿನ ನೀಲಿ.