ಸಾವಿರ ಕೊಳವೆಗಳಿಗೆ ಒಂದೇ ಉಸಿರು

ಚಂದಾ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರ ಕೈ ಬಾಗಿಲ ಚಿಲಕದ ಕಡೆಗೆ ಹೋಗುತ್ತದೆ. ಗಣೇಶನ ಹಬ್ಬದ ಹುಡುಗರು, ರಾಜ್ಯೋತ್ಸವದ ಹುಡುಗರು ರಸೀದಿ ಪುಸ್ತಕ ಹಿಡಿದು ಬರುತ್ತಾರೆ. ಐವತ್ತೋ ನೂರೋ ಕೊಟ್ಟು ಸಾಗಹಾಕುತ್ತೇವೆ. ಆ ಹಣ ಏನಾಯಿತೆಂದು ಕೇಳುವ ಗೋಜಿಗೆ ನಾವು ಹೋಗುವುದಿಲ್ಲ, ಹೇಳುವ ಗೋಜಿಗೆ ಅವರೂ ಹೋಗುವುದಿಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಚಂದಾ ಎತ್ತುವುದೂ ಒಂದು ವಿದ್ಯೆ, ಮಕ್ಕಳಿಗೆ ಕಲಿಸಬೇಕಾದ ವಿದ್ಯೆ ಎಂದು ನನಗೆ ಅನ್ನಿಸಿದ್ದು ನಿವೃತ್ತಿಯಾದ ಮೇಲೆ, ಅದೂ ಇಂಗ್ಲೆಂಡಿನ ಒಂದು ಚರ್ಚಿನಲ್ಲಿ.

ಮಗಳ ಸಂಸಾರ ಇರುವುದು ಯಾರ್ಕ್‌ಷೈರ್‌ನಲ್ಲಿ, ಹಡರ್ಸ್‌ಫೀಲ್ಡ್ ಪಟ್ಟಣಕ್ಕೆ ಹತ್ತಿರದ ಸಣ್ಣ ಊರೊಂದರಲ್ಲಿ. 2018ರ ಬೇಸಿಗೆಯಲ್ಲಿ ಐದು ತಿಂಗಳು ನಾನು ಅಲ್ಲಿದ್ದೆ. ಮೊಮ್ಮಗಳಿಗೆ ಆಗ ಹದಿನಾಲ್ಕು ವರ್ಷ. ಪಿಯಾನೋ ಕಲಿಯುತ್ತಿದ್ದಳು. ಅವಳ ಆಸಕ್ತಿ ನೋಡಿ ಊರಿನ ಚರ್ಚಿನ ವಯಸ್ಸಾದ ಆರ್ಗನ್ ವಾದಕರು ಶನಿವಾರ ಬೆಳಿಗ್ಗೆ ಒಂದು ಗಂಟೆ ಅಲ್ಲಿನ ಪೈಪ್ ಆರ್ಗನ್ ನುಡಿಸಲು ಬಿಡುತ್ತಿದ್ದರು. ಒಂದು ಶನಿವಾರ ಸಪ್ಪೆ ಮುಖ ಮಾಡಿಕೊಂಡು ಬಂದವಳು, “ಅಜ್ಜೀ, ಆರ್ಗನ್‌ಗೆ ಉಬ್ಬಸ ಬಂದಿದೆ. ಇನ್ನು ನುಡಿಸೋ ಹಾಗಿಲ್ಲವಂತೆ” ಎಂದಳು.

ಮಾತು ತಮಾಷೆಯದಾದರೂ ವಿಷಯ ನಿಜವೇ. ಪೈಪ್ ಆರ್ಗನ್ ಎಂದರೆ ನಮ್ಮ ಹಾರ್ಮೋನಿಯಂನ ದೂರದ ದೊಡ್ಡಪ್ಪ ಎನ್ನಬಹುದು. ಎರಡಕ್ಕೂ ಉಸಿರೇ ಆಧಾರ. ಹಾರ್ಮೋನಿಯಂನಲ್ಲಿ ಗಾಳಿ ಲೋಹದ ಸಣ್ಣ ನಾಲಗೆಗಳನ್ನು ಕಂಪಿಸುತ್ತದೆ. ಆರ್ಗನ್‌ನಲ್ಲಿ ಸಾಲಾಗಿ ನಿಂತ ಕೊಳವೆಗಳೊಳಗೆ ನುಗ್ಗಿ ಕೊಳಲಿನಂತೆ ನುಡಿಸುತ್ತದೆ. ಒಂದು ಕೊಳವೆಗೆ ಒಂದೇ ಸ್ವರ. ಆದ್ದರಿಂದಲೇ ಸಾಧಾರಣ ಆರ್ಗನ್‌ಗೂ ನೂರಾರು ಕೊಳವೆ ಬೇಕು. ಈ ಚರ್ಚಿನದರಲ್ಲಿ ಸುಮಾರು ಸಾವಿರ ಇದ್ದವು. ಕೆಲವು ಮರದವು, ಉಳಿದವು ತವರ ಮತ್ತು ಸೀಸ ಬೆರೆಸಿದ ಲೋಹದವು. ಹಿಂದೆ ಪರದೆಯ ಮರೆಯಲ್ಲಿ ಒಬ್ಬ ಹುಡುಗ ನಿಂತು ತಿದಿ ಒತ್ತಬೇಕಾಗಿತ್ತು. ಈಗ ಆ ಕೆಲಸವನ್ನು ವಿದ್ಯುತ್ ಯಂತ್ರ ಮಾಡುತ್ತದೆ. ಆದರೆ ಗಾಳಿ ತುಂಬುವ ಪೆಟ್ಟಿಗೆಯ ಮಡಿಕೆಗಳು ಇಂದಿಗೂ ತೊಗಲಿನವೇ. ದಶಕಗಳು ಕಳೆದಂತೆ ತೊಗಲು ಒಣಗಿ ಬಿರಿಯುತ್ತದೆ, ಗಾಳಿ ಸೋರುತ್ತದೆ. ಕೆಲವು ಕೊಳವೆಗಳು ಮೂಕವಾಗುತ್ತವೆ; ಕೆಲವು ಬೆರಳೆತ್ತಿದರೂ ನಿಲ್ಲದೆ ಕೂಗುತ್ತಲೇ ಇರುತ್ತವೆ.

ರಿಪೇರಿಗೆ ಇಬ್ಬರು ಆರ್ಗನ್ ತಯಾರಕರು ಅಂದಾಜು ಕೊಟ್ಟಿದ್ದರು. ಒಪ್ಪಿಗೆಯಾದ ಮೊತ್ತ 80,000 ಪೌಂಡು. ಆಗಿನ ಲೆಕ್ಕದಲ್ಲಿ ಎಪ್ಪತ್ತು ಲಕ್ಷ ರೂಪಾಯಿಗೂ ಹೆಚ್ಚು! ಭಾನುವಾರದ ಪೂಜೆಗೆ ಎಪ್ಪತ್ತು ಜನ ಸೇರಿದರೆ ಹೆಚ್ಚು ಎನ್ನುವ ಚರ್ಚು ಅದು.

ಹಣ ಸಂಗ್ರಹದ ತಂಡಕ್ಕೆ ತಾನೂ ಸೇರುತ್ತೇನೆಂದು ಮೊಮ್ಮಗಳು ಹೇಳಿದಾಗ ಮನೆಯಲ್ಲಿ ಎರಡು ಪಕ್ಷಗಳಾದವು. “ಅಮ್ಮಾ, ಮುಂದೆ ಜಿಸಿಎಸ್‌ಇ ಪರೀಕ್ಷೆ ಇದೆ. ಈಗಿನಿಂದಲೇ ಕೂತು ಓದುವುದು ಬಿಟ್ಟು ಕೇಕ್ ಮಾರೋಕೆ ಹೋಗ್ತಾಳಂತೆ, ನೀನಾದರೂ ಹೇಳು” ಎಂದು ಮಗಳು ನನ್ನ ಕಡೆ ತಿರುಗಿದಳು. ಅಳಿಯನ ಪ್ರಶ್ನೆ ಇನ್ನೂ ಗಂಭೀರವಾದದ್ದು: “ಅತ್ತೆ, ಆ ಚರ್ಚಿನ ಬಾಗಿಲಲ್ಲೇ ಇಲ್ಲದವರಿಗೆ ಅಂತ ಆಹಾರದ ಡಬ್ಬ ಹಾಕೋ ಬುಟ್ಟಿ ಇಟ್ಟಿದ್ದಾರೆ. ಹೊಟ್ಟೆಗಿಲ್ಲದವರು ಊರಲ್ಲಿರುವಾಗ ಕೊಳವೆಗಳಿಗೆ ಇಷ್ಟು ಹಣ ಸುರಿಯೋದು ನ್ಯಾಯವೇ?”

ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ನಮ್ಮ ಊರಿನ ದೇವಸ್ಥಾನದ ತೇರಿಗೆ ಹೊಸ ಗಾಲಿ ಹಾಕಿಸುವಾಗಲೂ ಇದೇ ಪ್ರಶ್ನೆ ಎದ್ದಿತ್ತು. “ನನ್ನನ್ನು ಕೇಳಬೇಡಿ. ಯಾರು ಹಣ ಎತ್ತುತ್ತಾರೋ ಅವರೇ ಉತ್ತರ ಹೇಳಲಿ” ಎಂದೆ. ಹುಡುಗಿ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಚರ್ಚಿನ ಖಜಾಂಚಿಯವರ ಬಳಿಗೇ ಹೋದಳು. ಅವರು ಎರಡು ಪುಸ್ತಕ ತೆಗೆದು ತೋರಿಸಿದರಂತೆ. ಆರ್ಗನ್ ಲೆಕ್ಕ ಬೇರೆ, ಆಹಾರದ ಬುಟ್ಟಿಯ ಲೆಕ್ಕ ಬೇರೆ. ಒಂದು ಉದ್ದೇಶಕ್ಕೆಂದು ಕೊಟ್ಟ ಹಣವನ್ನು ಇನ್ನೊಂದಕ್ಕೆ ಬಳಸಲು ಅಲ್ಲಿನ ಕಾನೂನು ಬಿಡುವುದಿಲ್ಲ. ಆರ್ಗನ್ ಸಂಗ್ರಹ ಶುರುವಾದ ಮೇಲೆ ಬುಟ್ಟಿಯ ದಾನ ಇಳಿದಿಲ್ಲವೆಂಬುದು ಪುಸ್ತಕದಲ್ಲೇ ಇತ್ತು. ಮೇಲಾಗಿ, ಆರ್ಗನ್‌ಗಾಗಿ ನಡೆಸುವ ಪ್ರತಿ ಕಛೇರಿಯ ಟಿಕೆಟ್ ಹಣದಲ್ಲಿ ಹತ್ತರಲ್ಲೊಂದು ಪಾಲು ಬುಟ್ಟಿಗೆ ಎಂದು ಮೊದಲೇ ಜಾಹೀರು ಮಾಡಿದ್ದರು.

ಆ ರಾತ್ರಿ ನಾನು ಅಳಿಯನಿಗೆ ಆಲ್ಬರ್ಟ್ ಷ್ವೈಟ್ಸರ್ ಅವರ ನೆನಪು ಮಾಡಿದೆ. ವೈದ್ಯರಾಗಿ 1913ರಲ್ಲಿ ಆಫ್ರಿಕದ ಗಬಾನ್‌ನ ಲಾಂಬರೇನೆಗೆ ಹೋಗಿ ಆಸ್ಪತ್ರೆ ಕಟ್ಟಿದ ಮಹನೀಯರು, 1952ರ ಶಾಂತಿ ನೊಬೆಲ್ ಪಡೆದವರು. ಅವರು ಹೆಸರಾಂತ ಆರ್ಗನ್ ವಾದಕರೂ ಹೌದು. ಯುರೋಪಿನ ಹಳೆಯ ಆರ್ಗನ್‌ಗಳನ್ನು ಕಿತ್ತೆಸೆಯದೆ ಉಳಿಸಿಕೊಳ್ಳಿ ಎಂದು ವಾದಿಸಿದವರು. ಊರೂರು ಸುತ್ತಿ ಆರ್ಗನ್ ನುಡಿಸಿ, ಬಂದ ಹಣವನ್ನು ಆ ಆಸ್ಪತ್ರೆಗೆ ಹಾಕಿದವರು. ಸಂಗೀತಕ್ಕೂ ಹಸಿದವರ ಹೊಟ್ಟೆಗೂ ಜಗಳ ಹಚ್ಚಲೇಬೇಕೆಂದೇನೂ ಇಲ್ಲವಲ್ಲ! ಅಳಿಯ ಪೂರ್ತಿ ಒಪ್ಪಿದನೆಂದು ಹೇಳಲಾರೆ. ಆದರೆ ಮಾರನೆಯ ವಾರ ಬುಟ್ಟಿಗೆಂದು ಎರಡು ಚೀಲ ಅಕ್ಕಿ ತಂದಿಟ್ಟ. ಮಗಳು ಮಾತ್ರ ಒಂದು ಷರತ್ತು ಹಾಕಿದಳು: ಶನಿವಾರ ಮಧ್ಯಾಹ್ನದವರೆಗೆ ಮಾತ್ರ, ಮನೆಪಾಠ ಶುಕ್ರವಾರವೇ ಮುಗಿದಿರಬೇಕು.

ಇನ್ನು ಹಣ ಎತ್ತಿದ ಕ್ರಮ ಕೇಳಿ. 80,000 ಎಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಅವರು ಅದನ್ನು ಕೊಳವೆ ಕೊಳವೆಯಾಗಿ ಒಡೆದರು. ಪೆನ್ಸಿಲಿನಷ್ಟು ಸಣ್ಣ ಕೊಳವೆಗೆ 15 ಪೌಂಡು, ಆಳೆತ್ತರದ್ದಕ್ಕೆ 100, ಎಲ್ಲಕ್ಕಿಂತ ದೊಡ್ಡದಕ್ಕೆ 500. ಹಣ ಕೊಟ್ಟವರು ಆ ಕೊಳವೆಯನ್ನು ‘ದತ್ತು’ ತೆಗೆದುಕೊಂಡಂತೆ. ಅವರ ಹೆಸರು ಒಂದು ದಪ್ಪ ಪುಸ್ತಕದಲ್ಲಿ ದಾಖಲಾಗುತ್ತದೆ. ಆದಾಯ ತೆರಿಗೆ ಕಟ್ಟುವವರು ಒಂದು ಫಾರಂ ತುಂಬಿದರೆ, ಕೊಟ್ಟ ಪ್ರತಿ ಪೌಂಡಿಗೆ 25 ಪೆನ್ಸನ್ನು ಸರಕಾರ ಸೇರಿಸುತ್ತದೆ. ಜೊತೆಗೆ ಹಳೆ ಪುಸ್ತಕ ಮಾರಾಟ, ಬೆಳಗಿನ ಕಾಫಿ ಕೂಟ, ಮಕ್ಕಳ ಹತ್ತು ಮೈಲಿ ನಡಿಗೆ. ಪ್ರತಿ ಭಾನುವಾರ ಬಾಗಿಲ ಪಕ್ಕದ ಹಲಗೆಯ ಮೇಲೆ ಬಂದದ್ದೆಷ್ಟು, ಖರ್ಚೆಷ್ಟು, ಇನ್ನು ಬೇಕಾದದ್ದೆಷ್ಟು ಎಂಬ ಲೆಕ್ಕ. ಆ ಲೆಕ್ಕ ಬರೆಯುವ ಕೆಲಸ ನನ್ನ ಮೊಮ್ಮಗಳ ಪಾಲಿಗೆ ಬಂತು. ಒಮ್ಮೆ 3 ಪೌಂಡು 40 ಪೆನ್ಸ್ ತಾಳೆಯಾಗದೆ ಮೂವರು ಹಿರಿಯರೂ ಅವಳೂ ಒಂದು ಗಂಟೆ ಚಿಲ್ಲರೆ ಎಣಿಸಿದರು. ಮೂರು ಪೌಂಡನ್ನು ಯಾರಾದರೂ ಜೇಬಿನಿಂದ ಹಾಕಿ ಮುಗಿಸಬಹುದಿತ್ತು. ಹಾಕಲಿಲ್ಲ. ಕಾಫಿ ಕೂಟದ ಹಾಲಿನ ರಸೀದಿ ಸಿಕ್ಕಿದ ಮೇಲೆಯೇ ಎದ್ದರು.

ನಾನೂ ಸುಮ್ಮನೆ ಕೂರಲಿಲ್ಲ. ಎರಡು ಶನಿವಾರ ಕೋಡುಬಳೆ ಕರಿದು ಕೊಟ್ಟೆ. ಕೇಕುಗಳ ನಡುವೆ ಅವು ಬಡವರ ಮನೆಯ ಬಳೆಗಳಂತೆ ಕೂತಿದ್ದರೂ ಮೊದಲು ಖಾಲಿಯಾದದ್ದು ಅವೇ. ಬಂದ ಹಣಕ್ಕೆ ಎರಡು ಸಣ್ಣ ಕೊಳವೆ ಸಿಕ್ಕವು. ಒಂದಕ್ಕೆ ಮೊಮ್ಮಗಳು ತನ್ನ ತಾತನ ಹೆಸರು ಬರೆಸಿದಳು. ಊರಿನ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದವರು ಅವರು. ಇನ್ನೊಂದಕ್ಕೆ ‘ಬೆಂಗಳೂರು’ ಎಂದು ಬರೆಸಿದಳು. ಅದಕ್ಕೂ ಕಾರಣವಿತ್ತು. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಚರ್ಚಿಗೆ 1881ರಲ್ಲಿ ಪೈಪ್ ಆರ್ಗನ್ ಮಾಡಿ ಕಳಿಸಿದ ಪೀಟರ್ ಕೊನಾಚರ್ ಕಂಪನಿ ಇದೇ ಹಡರ್ಸ್‌ಫೀಲ್ಡಿನದು. ಅಷ್ಟು ಕೊಳವೆಗಳು ಹಡಗು ಹತ್ತಿ ನಮ್ಮೂರಿಗೆ ಬಂದಿದ್ದವು. ಈಗ ಒಂದು ಕೊಳವೆಯಷ್ಟು ಋಣ ತೀರಿತು ಎಂದು ನಕ್ಕೆವು.

ಕಷ್ಟ ಬರೀ ಸಣ್ಣ ಊರುಗಳದ್ದಲ್ಲ. ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನ 1954ರ ಆರ್ಗನ್‌ನಲ್ಲಿ 7,866 ಕೊಳವೆಗಳಿವೆ. ಸಭಾಂಗಣ ನವೀಕರಣಗೊಂಡು 2007ರಲ್ಲಿ ತೆರೆದಾಗ ಅದರ ಮೂರನೆಯ ಒಂದು ಭಾಗ ಮಾತ್ರ ಮರಳಿ ಬಂದಿತ್ತು. ಉಳಿದದ್ದಕ್ಕೆ ಜನರಿಂದ ಕೊಳವೆ ಕೊಳವೆಯಾಗಿ ಹಣ ಕೂಡಿಸಿ, ಇಡೀ ವಾದ್ಯ ಮತ್ತೆ ನುಡಿದದ್ದು 2014ರಲ್ಲಿ. ಫಿಲಿಪ್ಪೀನ್ಸ್‌ನ ಲಾಸ್ ಪಿನ್ಯಾಸ್ ಚರ್ಚಿನಲ್ಲಿ ಪಾದ್ರಿಯೊಬ್ಬರು 1824ರಲ್ಲಿ ಮುಗಿಸಿದ ಆರ್ಗನ್ ಇನ್ನೂ ಸೋಜಿಗದ್ದು. ಅದರ 1,031 ಕೊಳವೆಗಳಲ್ಲಿ 902 ಬಿದಿರಿನವು! ಭೂಕಂಪ, ಬಿರುಗಾಳಿಗಳಿಗೆ ಸಿಕ್ಕಿ ಹಾಳಾಗಿದ್ದ ಅದನ್ನು 1973ರಲ್ಲಿ ಜರ್ಮನಿಯ ಬಾನ್ ನಗರಕ್ಕೆ ಕಳಿಸಿ, ದುರಸ್ತಿ ಮಾಡಿಸಿ, 1975ರಲ್ಲಿ ಮನೆಗೆ ಕರೆತಂದರು.

ನಾನು ಮೈಸೂರಿಗೆ ಮರಳುವಾಗ ಹಲಗೆಯ ಮೇಲಿನ ಲೆಕ್ಕ 31,000ದ ಹತ್ತಿರ ನಿಂತಿತ್ತು. ಆಮೇಲೆ ಕೊರೋನಾ ಬಂದು ಚರ್ಚುಗಳೇ ಮುಚ್ಚಿದವು. ಆರ್ಗನ್ ಮತ್ತೆ ಹಾಡಿದ್ದು 2022ರಲ್ಲಿ. ಅಷ್ಟರಲ್ಲಿ ಹಳೆಯ ವಾದಕರ ಬೆರಳುಗಳಿಗೆ ಸಂಧಿವಾತ ಹಿಡಿದಿತ್ತು. ಅವರು ಮುಂದಿನ ಸಾಲಿನಲ್ಲಿ ಕುಳಿತು ಬೇರೊಬ್ಬರ ವಾದನ ಕೇಳಿದರಂತೆ. ನನ್ನ ಮೊಮ್ಮಗಳು ಸಂಗೀತಗಾರ್ತಿಯಾಗಲಿಲ್ಲ, ಎಂಜಿನಿಯರಿಂಗ್ ಸೇರಿದಳು. ಶನಿವಾರಗಳಿಂದ ಅವಳ ಅಂಕ ಏರಲೂ ಇಲ್ಲ, ಇಳಿಯಲೂ ಇಲ್ಲ. ಆದರೆ ಎರಡು ಅಡಿಯ ಕೊಳವೆಗಿಂತ ನಾಲ್ಕು ಅಡಿಯದು ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ, ಎಂಟು ಅಡಿಯದು ಎರಡು ಸ್ಥಾಯಿ ಕೆಳಗೆ ಎಂಬ ಭೌತಶಾಸ್ತ್ರ ಅವಳಿಗೆ ಕಂಠಪಾಠ ಮಾಡದೆಯೇ ಬಂತು. ಪರರ ಹಣವನ್ನು ಕೈಯಲ್ಲಿ ಹಿಡಿದಾಗ ನಿದ್ದೆ ಎಷ್ಟು ಹಗುರವಾಗುತ್ತದೆ ಎಂಬುದೂ ತಿಳಿಯಿತು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಶಾಲೆಯ ಉಗ್ರಾಣದಲ್ಲೂ ತಿದಿ ಹರಿದ ಹಾರ್ಮೋನಿಯಂ ಇದ್ದೀತು. ಊರ ವಾಚನಾಲಯದ ಪುಸ್ತಕಗಳು ಗೆದ್ದಲಿನ ಪಾಲಾಗುತ್ತಿದ್ದಾವು. ರಿಪೇರಿಗೆ ಎಷ್ಟು ಬೇಕೆಂದು ಇಬ್ಬರನ್ನು ವಿಚಾರಿಸಿ, ಮೊತ್ತವನ್ನು ಸಣ್ಣ ಪಾಲು ಮಾಡಿ, ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿ. ಹನಿ ಹನಿ ಗೂಡಿದರೆ ಹಳ್ಳ ಎಂಬುದು ಹಳೆಯ ಮಾತು. ಹಳ್ಳದ ಒಡ್ಡು ಸೋರದಂತೆ ಕಾಯುವವರೂ ಬೇಕು. ತಂದೆತಾಯಂದಿರೇ, ಮಕ್ಕಳು ಆ ಕೆಲಸಕ್ಕೆ ಹೊರಟರೆ ಪರೀಕ್ಷೆಯ ನೆನಪು ಮಾಡಿ, ಅದು ನಿಮ್ಮ ಧರ್ಮ. ಜೊತೆಗೆ ಒಂದು ಲೆಕ್ಕದ ಪುಸ್ತಕವನ್ನೂ ಕೊಡಿಸಿ.